ಶರಣಪ್ಪ ಮಿಸ್ತ್ರಿಯ ಅಂಜಿಕೆ

ಗಾಡಿಯ ಕೆಳಗೆ ತೂರುವ ಮೊದಲು ಶರಣಪ್ಪ ಮಿಸ್ತ್ರಿ ಅದನ್ನು ಬೀಳಿಸಲು ನೋಡುತ್ತಿದ್ದರು. ಜಾಕ್ ಏರಿಸಿ, ಎರಡೂ ಬದಿಗೆ ಕಬ್ಬಿಣದ ಸ್ಟ್ಯಾಂಡು ಕೊಟ್ಟು, ಬಿಚ್ಚಿದ ಗಾಲಿಯನ್ನೂ ಅಡಿಗೆ ಸರಿಸಿ, ಆಮೇಲೆ ಹೆಗಲು ಕೊಟ್ಟು ಮೂರು ಸಲ ಜೋರಾಗಿ ನೂಕುವರು. "ಬೀಳಂಗಿದ್ರ ಈಗ ಬೀಳು ಮಗನ" ಎಂದು ಗದರುವರು. ಗಾಡಿ ಅಲುಗಾಡಿ ನಿಲ್ಲುತ್ತಿತ್ತು. ಅದಾದ ಮೇಲೂ ಹಣೆಯ ವಿಭೂತಿಯನ್ನೊಮ್ಮೆ ಮುಟ್ಟಿಕೊಂಡೇ ತಲೆಯನ್ನು ಒಳಗೆ ಹಾಕುವರು. ಅರವತ್ತು ದಾಟಿದ, ನಲವತ್ತು ವರ್ಷ ಇದೇ ಕೆಲಸ ಮಾಡಿದ ಆ ಮನುಷ್ಯ ಪ್ರತಿ ಸಲವೂ ಮೊದಲ ದಿನದವರ ಹಾಗೆ ಅಂಜುತ್ತಿದ್ದರು. ಅದನ್ನು ಮುಚ್ಚಿಡುವ ಗೋಜಿಗೂ ಹೋಗುತ್ತಿರಲಿಲ್ಲ.

ನಾನು ಅವರನ್ನು ಮೊದಲು ಕಂಡದ್ದೂ ನಾನೇ ಅಂಜಿಹೋಗಿದ್ದಾಗ. ಸಂಭಾಜಿನಗರದ ಹೊರವಲಯದಲ್ಲಿ ನನ್ನದೊಂದು ಸಸಿಗಳ ನರ್ಸರಿ ಇದೆ. ತವರು ಭಾಲ್ಕಿ, ಗಂಡನಿಗೆ ಇಲ್ಲಿಯ ಕಾರ್ಖಾನೆಯಲ್ಲಿ ನೌಕರಿ. ಹದಿನೈದು ದಿನಕ್ಕೊಮ್ಮೆ ನಾನೇ ಪಿಕಪ್ ನಡೆಸಿಕೊಂಡು ದಿಂಡೋರಿಗೆ ಹೋಗಿ ಗುಲಾಬಿ, ಪೇರಲ, ದ್ರಾಕ್ಷಿಯ ಕಸಿ ಸಸಿಗಳನ್ನು ತರುತ್ತೇನೆ. ಆ ಪಿಕಪ್ ನಮ್ಮ ಮನೆಗೆ ಬರುವ ಮೊದಲೇ ಇಬ್ಬರ ಕೈ ದಾಟಿತ್ತು. ಹಿಂದಿನ ಎಡಗಾಲಿಯ ಬ್ರೇಕು ಅದರ ಹಳೆಯ ಕಾಯಿಲೆ. ಒಳಗಿನ ಎಣ್ಣೆ ಸೋರಿ, ಗಾಲಿಯನ್ನು ಹಿಡಿದು ನಿಲ್ಲಿಸುವ ಲೈನರಿನ ಮೇಲೆ ಹರಿಯುವುದು, ಬ್ರೇಕು ಜಾರುವುದು. ನಮ್ಮೂರಿನ ಗ್ಯಾರೇಜಿನವರು ಎಣ್ಣೆ ತಡೆಯುವ ರಬ್ಬರಿನ ಸೀಲ್ ಬದಲಿಸಿ "ಆತಾ ಟೆನ್ಶನ್ ನಾಹೀ," ಇನ್ನು ಚಿಂತೆಯಿಲ್ಲ, ಎಂದು ಕಳಿಸುವರು. ಎರಡು ತಿಂಗಳಿಗೆ ಮತ್ತೆ ಅದೇ.

ಆ ದಿನ ದಿಂಡೋರಿಯಿಂದ ಭರ್ತಿ ಸಸಿ ಹೇರಿಕೊಂಡು ನಾಸಿಕ್ ಹತ್ತಿರ ಬರುತ್ತಿದ್ದೆ. ಸಣ್ಣ ಇಳಿಜಾರು. ಎದುರಿಗೆ ಶಾಲೆಯ ಮಕ್ಕಳನ್ನು ತುಂಬಿಕೊಂಡ ಆಟೋ. ಬ್ರೇಕು ಒತ್ತಿದೆ, ಗಾಡಿ ನಿಲ್ಲುವ ಬದಲು ಬಲಕ್ಕೆ ಎಳೆದುಕೊಂಡು ಹೋಯಿತು. ಆಟೋದ ಸರಳಿಗೆ ಮುಖ ಒತ್ತಿಕೊಂಡಿದ್ದ ಒಬ್ಬ ಹುಡುಗಿಯ ಕೆಂಪು ರಿಬ್ಬನ್ ನನಗೆ ಈಗಲೂ ಕಾಣುತ್ತದೆ. ಒಂದು ಗೇಣಿನ ಅಂತರದಲ್ಲಿ ಆಟೋ ದಾಟಿಹೋಯಿತು. ನಾನು ಗೇರ್ ಇಳಿಸಿ ತೆವಳುತ್ತಾ ಬಂದು, ಕಂಡ ಮೊದಲ ಗ್ಯಾರೇಜಿನ ಮುಂದೆ ನಿಂತೆ. ತಗಡಿನ ಶೆಡ್ಡು, ಬೇವಿನ ಮರ, ನೀಲಿ ಅಂಗಿಯ ಬಡಕಲು ಮುದುಕ. ನಾನು ಮರಾಠಿಯಲ್ಲಿ ನಡೆದದ್ದನ್ನು ಹೇಳಿದೆ. ಅವರು ಗಾಲಿ ಬಿಚ್ಚಿ, ಡ್ರಮ್ ಎಳೆದು, ಒಳಗೆ ನೋಡಿದವರೇ ತಮ್ಮಷ್ಟಕ್ಕೆ ಅಂದರು: "ಯಪ್ಪಾ ತಂದಿ, ಇದ್ರಾಗ ಹ್ಯಾಂಗ್ ಬಂದಾಳೋ ಈಕಿ."

"ನೀವು ಕನ್ನಡದವರೇನ್ರಿ?" ಎಂದೆ.

ಅವರು ಬೆಚ್ಚಿ ತಲೆ ಎತ್ತಿದರು. "ಚಿಂಚೋಳಿ ಕಡಿಯವ್ರಿ. ತಪ್ಪ ತಿಳೀಬ್ಯಾಡ್ರಿ ಅಕ್ಕೋರೇ, ಬಾಯಿ ತಪ್ಪಿ ಈಕಿ ಅಂದೆ."

ಸೀಲ್ ಬದಲಿಸಿದರು. ಲೈನರ್ ಹೊಸದು ಹಾಕಿದರು. ಎಲ್ಲ ಮುಗಿದ ಮೇಲೆ, ಬೇರೆ ಯಾವ ಮಿಸ್ತ್ರಿಯೂ ಹೇಳದ ಮಾತು ಹೇಳಿದರು. "ಇದು ಮತ್ತ ಬರ್ತದರಿ. ನಾ ಬರೇ ಒರೆಸೀನಿ. ಯಾಕ ಸೋರ್ತದ ಅಂಬೋದು ನನಗ ಸಿಕ್ಕಿಲ್ಲ. ಸಿಗೋತನಾ ನನಗ ನಿದ್ದಿ ಇಲ್ಲ, ನಿಮಗೂ ಇರಬಾರ್ದು."

ನನಗೆ ಸಿಟ್ಟು ಬಂತು. ದುರಸ್ತಿ ಮಾಡಿದವನೇ ಗಾಡಿಯನ್ನು ನಂಬಬೇಡ ಎಂದರೆ ಮುಂದಿನ ನೂರೆಂಬತ್ತು ಕಿಲೋಮೀಟರ್ ನಾನು ಹೇಗೆ ಹೋಗಲಿ? ಅದಕ್ಕೂ ಅವರಲ್ಲಿ ಉತ್ತರವಿತ್ತು. ಪ್ರತಿ ನಲವತ್ತು ಕಿಲೋಮೀಟರಿಗೆ ನಿಲ್ಲಿಸಬೇಕು. ನಾಲ್ಕೂ ಗಾಲಿಗಳಿಗೆ ಕೈಯ ಹಿಂಬದಿ ಹಿಡಿದು ಶಾಖ ನೋಡಬೇಕು. "ಅಂಗೈ ಇಡಬ್ಯಾಡ್ರಿ. ಅಂಗೈ ಸುಟ್ರ ಸ್ಟೇರಿಂಗ್ ಹ್ಯಾಂಗ ಹಿಡೀತೀರಿ?" ನಾಲ್ಕರಲ್ಲಿ ಒಂದು ಬೇರೆ ಇದ್ದರೆ ಅಲ್ಲೇ ನಿಂತು ಅವರಿಗೆ ಫೋನ್ ಮಾಡಬೇಕು. ಹಾಗೆ ನಾನು ಯೇವಲೆಯಲ್ಲಿ, ವೈಜಾಪುರದಲ್ಲಿ ಢಾಬಾಗಳ ಮುಂದೆ ಗಾಡಿ ನಿಲ್ಲಿಸಿ, ಜ್ವರ ಬಂದ ಮಕ್ಕಳ ಹಣೆ ಮುಟ್ಟುವಂತೆ ಗಾಲಿಗಳನ್ನು ಮುಟ್ಟುತ್ತಾ ಸುತ್ತಿದೆ. ಚಹಾ ಕುಡಿಯುವವರು ನನ್ನನ್ನೇ ನೋಡುತ್ತಿದ್ದರು.

ಎರಡನೇ ಪ್ರಯಾಣದಲ್ಲಿ, ಖಾಲಿ ಗಾಡಿಯಲ್ಲಿ ಅವರ ಶೆಡ್ಡು ಮುಟ್ಟುವ ಹೊತ್ತಿಗೇ ಎಡಗಾಲಿಯ ಶಾಖ ಬೇರೆಯಾಗಿತ್ತು. ಅವರು ಹೇಳಿದಂತೆಯೇ ಎಣ್ಣೆ ಮತ್ತೆ ಬಂದಿತ್ತು. ಈ ಸಲ ಮಿಸ್ತ್ರಿ ಸೀಲನ್ನು ಮುಟ್ಟಲಿಲ್ಲ. ಹಿಂದಿನ ಎರಡು ಗಾಲಿಗಳನ್ನು ಜೋಡಿಸುವ ದಪ್ಪ ಕಬ್ಬಿಣದ ಕೊಳವೆಗೆ ಹೌಸಿಂಗ್ ಎನ್ನುತ್ತಾರೆ. ಅದರ ಬೆನ್ನ ಮೇಲೆ ಬೆರಳಾಡಿಸುತ್ತಾ ಹೋಗಿ ಒಂದು ಕಡೆ ನಿಂತರು. ಮೊಳೆಯಿಂದ ಕೆದರಿ ಒಂದು ಉಂಡೆ ಗಟ್ಟಿ ಮಣ್ಣು ತೆಗೆದು ನನ್ನ ಕೈಗಿಟ್ಟರು.

"ಇದಕ್ಕೂ ಒಂದು ಮೂಗು ಇರ್ತದರಿ ಉಸಿರಾಡ್ಲಾಕ. ನಿಮ್ಮ ಸಸಿಯ ನೀರು ತಳದ ಹಲಗಿ ಸಂದ್ಯಾಗಿಂದ ಸೋರಿ ಸೋರಿ, ಮಣ್ಣ ಕುಂತು, ಮೂಗ ಮುಚ್ಚ್ಯದ. ದೂರ ಹೋದ್ರ ಒಳಗ ಎಣ್ಣಿ ಕಾಯ್ತದ, ಗಾಳಿ ಉಬ್ತದ. ಮ್ಯಾಲ ಹಾದಿ ಇಲ್ಲ. ಸೀಲ್ ನೂಕ್ಕೊಂಡು ಬರ್ತದ."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಎರಡು ವರ್ಷದ ರೋಗಕ್ಕೆ ಒಂದು ಉಂಡೆ ಮಣ್ಣು! ಆದರೆ ಅವರ ಮುಖ ಸಡಿಲಾಗಲಿಲ್ಲ. "ಖುಷಿ ಆಗಬ್ಯಾಡ್ರಿ ಇನ್ನಾ. ಮೂಗ ಕಟ್ಟಿದ್ರ ಎಡಕ್ಕೂ ಸೋರಬೇಕು, ಬಲಕ್ಕೂ ಸೋರಬೇಕು. ಎಡಕ್ಕೇ ಯಾಕ? ಮುಂದಿನ ಸಲ ಸಸಿ ಹೇರಬೇಕಾದ್ರ ನನ್ನ ಕರೀರಿ. ಖಾಲಿ ಗಾಡಿ ಸುಳ್ಳ ಹೇಳ್ತದ."

ಹೀಗೆ ಅವರು ಮುಂದಿನ ಸಲ ತಮ್ಮ ಹಳೆಯ ಸ್ಕೂಟರ್ ಏರಿ ದಿಂಡೋರಿಯ ನರ್ಸರಿಗೇ ಬಂದರು. ಸ್ಕೂಟರನ್ನು ಅವರು ನಡೆಸುವುದನ್ನು ನೋಡಬೇಕಿತ್ತು. ಎತ್ತಿನ ಗಾಡಿಗಳು ಅವರನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಅಲ್ಲಿಯ ಆಳುಗಳು ಸಸಿ ಹೇರುವುದನ್ನು ಮಿಸ್ತ್ರಿ ಮರದ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದರು. ಪಿಕಪ್‌ನ ಹಿಂಬಾಗಿಲಿನ ಬಲಗಡೆಯ ಚಿಲಕ ತುಕ್ಕು ಹಿಡಿದು ಎಂದೋ ಕಚ್ಚಿಕೊಂಡಿತ್ತು. ಹಾಗಾಗಿ ಭಾರದ ಕುಂಡಗಳೆಲ್ಲ ಎಡಗಡೆಯಿಂದ ಒಳಹೋಗಿ ಎಡಗಡೆಯೇ ಉಳಿಯುತ್ತಿದ್ದವು. ಅದರ ಮೇಲೆ ನಾವೇ ಪೈಪು ಹಿಡಿದು ಸಸಿಗಳಿಗೆ ನೀರು ಕುಡಿಸುತ್ತಿದ್ದೆವು. ಒದ್ದೆ ಮಣ್ಣಿನ ತೂಕ ಎಷ್ಟೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಹೇರಿ ಮುಗಿದ ಮೇಲೆ ಅವರು ಜೇಬಿನಿಂದ ಒಂದು ದಾರ ತೆಗೆದರು. ತುದಿಗೆ ನಟ್ಟು ಕಟ್ಟಿ, ಬಲಗಾಲಿಯ ಪಕ್ಕ ತೂಗುಬಿಟ್ಟರು. ದಾರ ಟೈರಿನ ಮೇಲೂ ಕೆಳಗೂ ಸಮನಾಗಿ ತಾಗಿತು. ಎಡಗಾಲಿಗೆ ಬಂದರು. ದಾರ ಕೆಳಗೆ ತಾಗಿತು; ಮೇಲೆ ದಾರಕ್ಕೂ ಟೈರಿಗೂ ನಡುವೆ ಎರಡು ಬೆರಳು ಹೋಗುವಷ್ಟು ಸಂದು. ಗಾಲಿಯ ತಲೆ ಒಳಕ್ಕೆ ವಾಲಿತ್ತು. ಮಿಸ್ತ್ರಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

"ಹೌಸಿಂಗ್ ಬಾಗ್ಯದರಿ. ಬಾಗೋದು ಒಂದ. ಆದ್ರ ಖಾಲಿ ಇದ್ದಾಗ ನಾ ನೋಡೀನಿ, ಸರಳ ಇತ್ತು. ತುಂಬಿದಾಗ ಬಾಗ್ತದ ಅಂದ್ರ, ಒಳಗ ಎಲ್ಲ್ಯೋ ಸೀಳ್ಯದ. ಇಳಸ್ರಿ. ಎಲ್ಲಾ ಇಳಸ್ರಿ."

"ಇಳಿಸಿ ಏನ್ ಮಾಡ್ಲಿ? ಸೋಮವಾರ ಆ ಕನ್ನಡ ಅಂಬೋ ಊರಿನ ಘಾಟಿನ ಕೆಳಗ ಒಂದ್ ಶಾಲ್ಯಾಗ ಮಕ್ಕಳು ಗಿಡ ಹಚ್ಚವ್ರಿದಾರ. ಮಾತು ಕೊಟ್ಟೀನಿ."

"ಘಾಟು?" ಅವರು ದಡಕ್ಕನೆ ಎದ್ದರು. "ತುಂಬಿದ ಗಾಡಿ ತೊಗೊಂಡು ಘಾಟು?"

ಬೇರೆ ಗಾಡಿ ನೋಡುತ್ತೇನೆ ಎಂದೆ. ಸುಳ್ಳು. ಅವರ ಅಂಜಿಕೆ ನನಗೆ ಸಾಕಾಗಿತ್ತು. ಅವರ ಮಾತು ಕೇಳುತ್ತಾ ಹೋದರೆ ಗಾಡಿಯನ್ನು ಹೂಕುಂಡ ಮಾಡಿ ಮನೆ ಮುಂದೆ ಇಡಬೇಕಾಗುತ್ತದೆ ಎಂದು ಗಂಡ ನಗುತ್ತಿದ್ದರು. ಅವರು ಸ್ಕೂಟರ್ ಏರಿ ಹೋದ ಮೇಲೆ, ಸಸಿ ಇಳಿಸದೆಯೇ ನಿಧಾನವಾಗಿ ಸಂಭಾಜಿನಗರ ಮುಟ್ಟಿದೆ, ಏನೂ ಆಗಲಿಲ್ಲ. ಸಂಜೆ ಫೋನ್ ಬಂತು. "ಗಾಡಿ ಎಲ್ಲದರಿ?" ಮನೆಯಲ್ಲೇ ನಿಂತಿದೆ ಎಂದೆ. ಅಷ್ಟು ಮಾತ್ರ ನಿಜ.

ಭಾನುವಾರ ಬೆಳಿಗ್ಗೆ ಹೊರಟೆ. ಹನ್ನೆರಡು ವರ್ಷದ ಮಗಳು ಸ್ನೇಹಾ ರಜೆಯೆಂದು ಜೊತೆಗೆ ಹತ್ತಿದಳು. ಕನ್ನಡ ಊರು ದಾಟುವಾಗ ಬಸ್ಸಿನ ಫಲಕ ನೋಡಿ, "ಆಯಿ, ಇತ್ಥೆ ಕನ್ನಡ ಕೋಣೀಚ್ ಬೋಲತ್ ನಾಹೀ ನಾ?" ಎಂದು, ಈ ಊರಲ್ಲಿ ಯಾರೂ ಕನ್ನಡ ಮಾತಾಡುವುದಿಲ್ಲವಲ್ಲ ಎಂದು, ಪ್ರತಿ ಸಲದಂತೆ ನಕ್ಕಳು. ಘಾಟಿನ ತಲೆಯಲ್ಲಿ ನಿಲ್ಲಿಸಿ ಗಾಲಿ ಮುಟ್ಟಿದೆ. ಎಡಗಾಲಿ ಬಿಸಿ ಇತ್ತು. ಉಳಿದವೂ ಬೆಚ್ಚಗಿದ್ದವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಗಲೂ ತಿರುಗಬಹುದಿತ್ತು.

ಮೂರನೆಯ ತಿರುವಿನ ಹೊತ್ತಿಗೆ ಹಿಂದಿನಿಂದ ಟಕ್, ಟಕ್ ಎಂಬ ಸದ್ದು ಶುರುವಾಯಿತು. ಎಡಗನ್ನಡಿ ನೋಡಿದೆ. ಕನ್ನಡಿಯಲ್ಲಿ ಎಂದೂ ಕಾಣದ ಹಿಂದಿನ ಗಾಲಿ ಕಾಣುತ್ತಿತ್ತು. ಗಾಡಿಯ ಮೈಯಿಂದ ಹೊರಗೆ ಬಂದು, ಕುಂಟುವವನ ಕಾಲಿನ ಹಾಗೆ ಓಲಾಡುತ್ತಾ ತಿರುಗುತ್ತಿತ್ತು. ಬ್ರೇಕು ಒತ್ತಿದೆ, ಪೆಡಲ್ ಯಾವ ತಡೆಯೂ ಇಲ್ಲದೆ ನೆಲ ಮುಟ್ಟಿತು. ಎದುರಿಗೆ ರಸ್ತೆ ತಿರುಗುತ್ತಿತ್ತು, ಅದರಾಚೆ ಬರೀ ಆಕಾಶ. ನನ್ನ ಬಾಯಿಂದ ಯಾವ ದೇವರ ಹೆಸರೂ ಬರಲಿಲ್ಲ. ಮತ್ತೆ ಮತ್ತೆ ತುಳಿದೆ; ಮುಂದಿನ ಬ್ರೇಕು ಚೂರು ಹಿಡಿದಂತಾಯಿತು. ಎರಡನೇ ಗೇರಿಗೆ ತಳ್ಳಿದೆ, ಇಂಜಿನ್ ಕಿರುಚಿತು. ಒಂದನೆಯದಕ್ಕೆ ಹಾಕಿದೆ. ಕೈಬ್ರೇಕು ಎಳೆದೆ. ಸ್ನೇಹಾ ಸೀಟನ್ನು ಎರಡೂ ಕೈಯಿಂದ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ರಸ್ತೆಯನ್ನಲ್ಲ, ನನ್ನ ಮುಖವನ್ನು. ಗುಡ್ಡದ ಕಡೆಯ ಚರಂಡಿಗೆ ಸ್ಟೇರಿಂಗ್ ತಿರುಗಿಸಿದೆ. ಗಾಡಿ ಕಲ್ಲಿಗೆ ಮೈಯುಜ್ಜಿ, ಚರಂಡಿಗೆ ಮೂತಿ ಇಳಿಸಿ, ಒಂದು ಮಗ್ಗುಲಿಗೆ ಕುಸಿದು ನಿಂತಿತು. ಕುಂಡಗಳು ಒಡೆಯುವ ಸದ್ದು ತುಂಬಾ ಹೊತ್ತು ಕೇಳುತ್ತಿತ್ತು.

ಹಿಂದೆ ಬಂದ ಜೀಪಿನವರು ನಮ್ಮನ್ನು ಇಳಿಸಿದರು. ಒಡೆಯದೆ ಉಳಿದ ಕುಂಡಗಳ ಸಸಿಗಳನ್ನೂ ಅವರೇ ಶಾಲೆಗೆ ಮುಟ್ಟಿಸಿದರು. ನಾನು ಗಂಡನಿಗಿಂತ ಮೊದಲು ಶರಣಪ್ಪ ಮಿಸ್ತ್ರಿಗೆ ಫೋನ್ ಮಾಡಿದೆ. "ಸುಳ್ಳು ಹೇಳಿದ್ದೆ ರಿ. ಘಾಟಿನಾಗ ಇದೀವಿ, ಮಗಳೂ ಇದಾಳ" ಎಂದಷ್ಟೇ ಹೇಳಲಾಯಿತು. "ಕೂಸಿಗೆ ಏನೂ ಆಗಿಲ್ಲಲ್ಲ? ಗಾಲಿಗಿ ಕಲ್ಲು ಕೊಡ್ರಿ. ಗಾಡಿ ಸಮೀಪ ಕೂಡಬ್ಯಾಡ್ರಿ. ನಾ ಬರ್ತೀನಿ" ಎಂದರು.

ನಾಸಿಕಿನಿಂದ ಚಾಳೀಸ್‌ಗಾಂವ್‌ವರೆಗೆ ಅವರು ರೈಲಿನಲ್ಲಿ ಬಂದರು, ಅಲ್ಲಿಂದ ಜೀಪು. ಗಂಡ ಮಧ್ಯಾಹ್ನವೇ ಬಂದು, ಮಗಳನ್ನು ಅಪ್ಪಿಕೊಂಡು ಕೂತಿದ್ದರು. ಮಿಸ್ತ್ರಿ ಬಂದಾಗ ನಾಲ್ಕು ಗಂಟೆ. ಇಳಿದವರು ಗಾಡಿಯ ಕಡೆ ನೋಡಲಿಲ್ಲ. ಮೊದಲು ಸ್ನೇಹಾಳ ಮುಂದೆ ಕುಕ್ಕರಿಸಿದರು.

"ಅಂಜಿದ್ಯೇನವಾ?"

"ನಾಹೀ. ಅಜಿಬಾತ್ ನಾಹೀ," ಒಂಚೂರೂ ಇಲ್ಲ, ಎಂದಳು ಅವಳು ತುಟಿ ಬಿಗಿದು.

"ಅಂಜಬೇಕವಾ. ನಾ ನೋಡು, ಘಾಟು ತಿರುವು ಒಂದೂ ಇಲ್ಲದ ಹಾದ್ಯಾಗ ರೈಲಿನಾಗ ಕುಂತು ಅಂಜಕೋತ ಬಂದೀನಿ." ಅವರು ಕೈ ಮುಂದೆ ಚಾಚಿದರು. ಕೈ ಗಡಗಡ ನಡುಗುತ್ತಿತ್ತು. ಅದನ್ನು ನೋಡಿದ ಮೇಲೆ ನನ್ನ ಮಗಳು ಆ ದಿನ ಮೊದಲ ಬಾರಿಗೆ ಅತ್ತಳು.

ಆಮೇಲೆ ಗಾಲಿಗಳಿಗೆ ಕಲ್ಲು ಗಟ್ಟಿ ಮಾಡಿ, ಮೂರು ಸಲ ನೂಕಿ ನೋಡಿ, ಗಾಡಿಯ ಕೆಳಗೆ ಬಗ್ಗಿದರು. ಕೊಳವೆಯ ಮೇಲಿನ ಮಣ್ಣು ಕೆರೆದು, ಸೀಮೆಎಣ್ಣೆಯಿಂದ ತೊಳೆದು ಒರೆಸಿ, ಮೇಲೆ ಸುಣ್ಣದ ಬಳಪ ತೀಡಿದರು. ನೋಡನೋಡುತ್ತಿದ್ದಂತೆ ಬಿಳಿಯ ಮೇಲೆ ಸಣ್ಣ ಕಪ್ಪು ಗೆರೆಯೊಂದು ತೇಲಿ ಬಂತು. ಕೂದಲಿನಷ್ಟು ತೆಳು, ಅರ್ಧ ಕೊಳವೆಯನ್ನು ಸುತ್ತಿತ್ತು. ಸೀಳಿನೊಳಗೆ ಉಳಿದ ಎಣ್ಣೆ ಹೊರಗೆ ಜಿನುಗಿ ತೋರಿಸಿದ ಗೆರೆ. ಎರಡು ವರ್ಷ ನಾನು ಆ ಗೆರೆಯ ಮೇಲೆ ಕುಳಿತು ಊರೂರು ತಿರುಗಿದ್ದೆ.

"ಸೀಲ್ ಪಾಪ ಏನ್ ಮಾಡ್ತದ? ಮನಿ ಗ್ವಾಡಿನೇ ವಾಲಿದ್ರ ಬಾಗಲಕ್ಕ ಎಷ್ಟ ಸಲ ಚಿಲಕ ಬದಲಸ್ತೀರಿ?" ಎಂದರು. ಬೈಗುಳ ಇಷ್ಟೇ.

ಎಳೆದುಕೊಂಡು ಹೋಗುವ ಗಾಡಿ ಬರುವವರೆಗೆ ನಾವು ರಸ್ತೆಯ ಕಟ್ಟೆಯ ಮೇಲೆ ಕೂತಿದ್ದೆವು. ಅವರ ಬಗ್ಗೆ ದಿಂಡೋರಿ ರಸ್ತೆಯಲ್ಲಿ ಒಂದು ಕಥೆ ಓಡಾಡುತ್ತಿತ್ತು. ಹರೆಯದಲ್ಲಿ ಅವರು ಬ್ರೇಕು ಮಾಡಿಕೊಟ್ಟ ಲಾರಿಯೊಂದು ಜನರ ಮೇಲೆ ಹರಿದಿತ್ತಂತೆ, ಅಂದಿನಿಂದ ಹೀಗಾದರಂತೆ. ನಾನು ಕೇಳಿಯೇಬಿಟ್ಟೆ.

ಅವರು ಆ ದಿನ ಮೊದಲ ಸಲ ನಕ್ಕರು. "ಯಾರ ಹೇಳ್ಯಾರ್ರಿ? ನಲವತ್ತ ವರ್ಷದಾಗ ನಾ ಹೋಗ್ರಿ ಅಂದ ಗಾಡಿ ಒಂದೂ ಬಿದ್ದಿಲ್ಲ, ಯಾರೂ ಸತ್ತಿಲ್ಲ. ಮಂದಿಗಿ ಏನರೆ ಆದ ಮ್ಯಾಲೇ ಅಂಜಿಕಿ ಬರ್ತದ. ನನಗ ಹುಟ್ಟತಲೇ ಬಂದದ. ಸಣ್ಣಾಂವ ಇದ್ದಾಗ ಬಾವಿ ಬಗ್ಗಿ ನೋಡ್ತಿದ್ದಿಲ್ಲ, ಎಲ್ಲಾರೂ ಪುಕ್ಕಲ ಅಂತಿದ್ರು. ಅಂಜುಬುರುಕಗ ಯಾವ ಕೆಲಸ ಕೊಡ್ತಾರ್ರಿ? ನಮ್ಮ ಉಸ್ತಾದ್ ಒಬ್ರು ಇದ್ರು, ಹುಮನಾಬಾದದವ್ರು. ಅವ್ರು ಅಂದ್ರು, ನೀ ಬ್ರೇಕು ಮಾಡು."

ಬೇರೆ ಹೌಸಿಂಗ್ ಹಾಕಿ, ಚಿಲಕ ಸರಿ ಮಾಡಿ, ಸಸಿಯ ನೀರು ಹಿಂದಕ್ಕೆ ಹರಿಯುವಂತೆ ತಗಡು ಬಡಿದುಕೊಟ್ಟರು. ಎಣ್ಣೆ ಮತ್ತೆ ಸೋರಲಿಲ್ಲ. ಆದರೂ ದಿಂಡೋರಿಗೆ ಹೋಗುವಾಗ, ಬರುವಾಗ ಅವರ ಶೆಡ್ಡಿನ ಮುಂದೆ ನಿಲ್ಲಿಸುತ್ತಿದ್ದೆ. ಅವರು ಗಾಲಿಗಳನ್ನು ಸುತ್ತಿ ಬಂದು, "ಹೋಗ್ರಿ. ಆದ್ರ ನಂಬಬ್ಯಾಡ್ರಿ" ಎನ್ನುವರು. ಮೂರು ವರ್ಷ ಹೀಗೇ ನಡೆಯಿತು.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹೋದಾಗ ಶೆಡ್ಡು ಖಾಲಿಯಾಗುತ್ತಿತ್ತು. ನಟ್ಟು ಬಿಗಿಯುವ ಪಾನಾಗಳನ್ನು ಪಕ್ಕದ ಗ್ಯಾರೇಜಿನವರು ಒಯ್ಯುತ್ತಿದ್ದರು. ಮಿಸ್ತ್ರಿ ಬಲಗೈಗೆ ಬಟ್ಟೆ ಸುತ್ತಿಕೊಂಡು ಬೇವಿನ ಕೆಳಗೆ ಕೂತಿದ್ದರು. ಸಕ್ಕರೆ ಕಾಯಿಲೆ ಇತ್ತೆಂದು ನನಗೆ ಗೊತ್ತಿತ್ತು. ಅದು ಕೈಯ ಸ್ಪರ್ಶವನ್ನೇ ತಿಂದದ್ದು ಅವರಿಗೂ ಗೊತ್ತಿರಲಿಲ್ಲ.

"ಒಂದ್ ಗಾಡಿ ಬಂದಿತ್ತು. ಡ್ರಮ್ಮಿಗಿ ಕೈ ಇಟ್ಟೆ. ಥಂಡ ಅದ, ಹೋಗ್ರಿ ಅಂದೆ. ಆವಾಗ ಸುಟ್ಟ ವಾಸನಿ ಬಂತು. ನೋಡಿದ್ರ ನನ್ನ ತೊಗಲು." ಅವರು ನನ್ನತ್ತ ನೋಡದೆ ಹೇಳುತ್ತಿದ್ದರು. "ವಾಸನಿ ಬರದಿದ್ರ ಆ ಗಾಡಿ ಹೋಗ್ತಿತ್ತು, ಅಕ್ಕೋರೇ. ಅದ್ರಾಗ ಒಂದು ಬಾಣಂತಿ ಇದ್ಳು."

ಆ ಗಾಡಿ ಬಂದ ಮಧ್ಯಾಹ್ನವೇ ಅವರು ಕೆಲಸ ಬಿಟ್ಟಿದ್ದರು. ಚಿಂಚೋಳಿಯಲ್ಲಿ ಅಕ್ಕ ಇದ್ದಾರೆ, ಅಲ್ಲಿಗೆ ಹೋಗುತ್ತೇನೆ, ನೀವು ಮರಳುವಾಗ ಸಂಭಾಜಿನಗರದವರೆಗೆ ನಿಮ್ಮ ಗಾಡಿಯಲ್ಲಿ ಬರಲೇ ಎಂದು ಕೇಳಿದರು. ಅದೇ ಕಡೆಯ ಭೇಟಿಯೆಂದು ನನಗೆ ತಿಳಿದಿರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ, ಅವರು ತೀರಿಕೊಂಡರೆಂದು ಅವರ ಅಕ್ಕನಿಂದ ಫೋನ್ ಬಂತು. ಹಾಸಿಗೆಯಲ್ಲಿ, ಹಗಲು ಹೊತ್ತು, ಸದ್ದಿಲ್ಲದೆ.

ಅವರೊಡನೆ ಮಾಡಿದ ಆ ಪ್ರಯಾಣವನ್ನು ನಾನು ಮರೆಯಲಾರೆ. ಒಂದು ಚೀಲ ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತರು. ಬೇರೆಯವರು ನಡೆಸುವ ಗಾಡಿಯಲ್ಲಿ ತಾವು ಈವರೆಗೆ ಕಣ್ಣು ಮುಚ್ಚಿದ್ದಿಲ್ಲ ಎಂದರು. ನಾನು ಬ್ರೇಕು ಹಾಕಿದಾಗಲೆಲ್ಲ ಅವರ ಬಲಗಾಲೂ ನೆಲ ಒತ್ತುತ್ತಿತ್ತು. ಯೇವಲೆ ದಾಟಿದ ಮೇಲೆ ಒತ್ತುವುದು ನಿಂತಿತು. ವೈಜಾಪುರದ ಹೊತ್ತಿಗೆ ಅವರ ತಲೆ ಕಿಟಕಿಗೆ ಒರಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಈ ಮನುಷ್ಯ ಗಾಡಿಯಲ್ಲಿ ನಿದ್ದೆ ಮಾಡುವವರಲ್ಲ. ಗಂಗಾಪುರದ ತಿರುವಿನ ಬಳಿ ಬದಿಗೆ ನಿಲ್ಲಿಸಿ, ಬೆರಳನ್ನು ಅವರ ಮೂಗಿನ ಹತ್ತಿರ ಹಿಡಿದೆ. ಬೆಚ್ಚನೆ ಉಸಿರು ತಾಗಿತು.

ಅವರು ಅರ್ಧ ಕಣ್ಣು ತೆರೆದರು. "ಯಾಕ್ರಿ ನಿಂತ್ರಿ? ಏನರೆ ಆಯ್ತೇನು?"

"ಏನಿಲ್ಲ ರಿ. ಮಲಗ್ರಿ."

ಅವರು ಮತ್ತೆ ಕಣ್ಣು ಮುಚ್ಚಿದರು. ಉಳಿದ ದಾರಿಯನ್ನು ನಾನು ಅಂಜುತ್ತಲೇ ನಡೆಸಿದೆ. ಒಂದು ಗುಂಡಿಗೂ ಗಾಲಿ ಇಳಿಸಲಿಲ್ಲ. ಬಸ್ ಸ್ಟ್ಯಾಂಡ್ ತಲುಪಿದಾಗ ಅವರ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಇಂಜಿನ್ ಆರಿಸಿ ಪಕ್ಕದಲ್ಲೇ ಕೂತೆ. ಕಂಡಕ್ಟರ್ "ಕಲಬುರ್ಗಿ, ಕಲಬುರ್ಗಿ" ಎಂದು ಕೂಗುವವರೆಗೆ ನಾನು ಅವರನ್ನು ಎಬ್ಬಿಸಲಿಲ್ಲ.